ಸರ್ವೇ ಜಯದೇವಪ್ಪ ಹೆಂಡತಿಯ ಮುಖದ ಮೇಲೆ ಎಳೆದ ಗೆರೆ

ಜಯದೇವಪ್ಪ ಪ್ರಾಮಾಣಿಕ ಮನುಷ್ಯ, ಒಳ್ಳೆಯ ಮನುಷ್ಯನಲ್ಲ. ಇವೆರಡೂ ಒಂದೇ ಎಂದು ಊರಿನವರು ತಿಳಿದಿದ್ದರು. ಅವನ ಹೆಂಡತಿ ಕೊಟ್ರಮ್ಮ ಹಾಗೆ ತಿಳಿಯುವುದನ್ನು ಮದುವೆಯಾದ ಮೊದಲ ವರ್ಷದಲ್ಲೇ ಬಿಟ್ಟಿದ್ದಳು.

ನ್ಯಾಮತಿ ಹತ್ತಿರದ ಹಳ್ಳಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಸರ್ವೇ ಇಲಾಖೆ ಸೇರಿದ. ಜಗಳೂರಿನಲ್ಲಿ ಆರು ವರ್ಷ, ಹೊನ್ನಾಳಿಯಲ್ಲಿ ಒಂಬತ್ತು ವರ್ಷ, ಆಮೇಲೆ ಚನ್ನಗಿರಿ. ಎಲ್ಲಿ ಹೋದರೂ ಹೊಲ ಅಳೆಯುವುದು, ಹದ್ದು ಗುರುತಿಸಿ ಕಲ್ಲು ನೆಡಿಸುವುದು ಅವನ ಕೆಲಸ. ಯಾರ ಮನೆಯ ಮಜ್ಜಿಗೆಯನ್ನೂ ಕುಡಿದವನಲ್ಲ. ನಲ್ಲೂರಿನಲ್ಲಿ ಓಬವ್ವ ಎಂಬ ಗಂಡ ಸತ್ತ ಹೆಂಗಸಿನ ಮನೆ ಪಕ್ಕದವನ ಜಾಗಕ್ಕೆ ಎರಡು ಅಡಿ ಒತ್ತಿತ್ತು. ಜಯದೇವಪ್ಪ ಕಲ್ಲನ್ನು ಆಕೆಯ ಅಡುಗೆಮನೆಯ ಒಲೆಯ ಮಗ್ಗುಲಲ್ಲೇ ಹಾಕಿಸಿ ಬಂದ. ಪಕ್ಕದವನೇ ಬೇಡವೆಂದಿದ್ದನಂತೆ.

"ಪಕ್ಕದಾತನೇ ಬಿಟ್ಟೀನಿ ಅಂದ್ರೂ ನೀವ್ಯಾಕ್ರೀ ಹಾಕಿಸಿದ್ರಿ?" ಎಂದು ಕೊಟ್ರಮ್ಮ ಕೇಳಿದ್ದಳು.

"ಬಿಡೋದು ಆತನ ಇಷ್ಟ. ಕಲ್ಲು ಎಲ್ಲಿ ಬರ್ಬೇಕೋ ಅಲ್ಲಿ ಬರ್ತೈತೆ."

ಹೊನ್ನಾಳಿಯಲ್ಲಿದ್ದಾಗ ಒಮ್ಮೆ ಬೆಳಿಗ್ಗೆ ಹನ್ನೊಂದಕ್ಕೆ ಜಗಳೂರಿನಿಂದ ತಂತಿ ಬಂತು. ಕೊಟ್ರಮ್ಮನ ತಾಯಿ ತೀರಿಕೊಂಡಿದ್ದರು. ಕಚೇರಿಯ ಜವಾನ ಅದನ್ನು ಹೊಲಕ್ಕೇ ಒಯ್ದು ಕೊಟ್ಟ. ಜಯದೇವಪ್ಪ ಓದಿ ಜೇಬಿನಲ್ಲಿಟ್ಟುಕೊಂಡು ಅಳತೆ ಮುಗಿಸಿದ. ಹೆಂಡತಿಗೆ ಹೇಳಿದ್ದು ಸಂಜೆ ಐದಕ್ಕೆ. ಆಕೆ ಜಗಳೂರು ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು.

"ಹೊಲದ ಎರಡೂ ಕಡೆ ಜನ ಸೇರಿದ್ರು. ಅವ್ರನ್ನ ಮತ್ತೆ ಸೇರ್ಸಾಕೆ ಆಗ್ತಿತ್ತಾ?" ಎಂದ. ಅವನ ದನಿಯಲ್ಲಿ ಸಮಜಾಯಿಷಿ ಇರಲಿಲ್ಲ. ವಿಷಯ ತಿಳಿಸಿದ, ಅಷ್ಟೆ.

ಕೊಟ್ರಮ್ಮ ಅಳಲಿಲ್ಲ, ಜಗಳವಾಡಲೂ ಇಲ್ಲ. ಇವರಿಂದ ಏನನ್ನೂ ಕೇಳಬಾರದು ಎಂದುಕೊಂಡಳು, ಕೇಳಲಿಲ್ಲ. ಮಗಳನ್ನು ಬೆಳೆಸಿದಳು, ದಾವಣಗೆರೆಗೆ ಮದುವೆ ಮಾಡಿ ಕೊಟ್ಟಳು. ದಿನಾ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ ಮಾಡಿ, ಆಮೇಲೆ ಬಾಯಿಗೆ ಏನಾದರೂ ಹಾಕುತ್ತಿದ್ದಳು. ಬಸುರಿಯಾಗಿದ್ದಾಗಲೂ ಬಾಣಂತಿಯಾಗಿದ್ದಾಗಲೂ ಈ ಕ್ರಮ ತಪ್ಪಿರಲಿಲ್ಲ. ಆಕೆಯ ದಿನದಲ್ಲಿ ಆಕೆಯದೇ ಎನ್ನುವಂಥದ್ದು ಇದ್ದದ್ದು ಅಷ್ಟು ಹೊತ್ತು.

ಸಾವಿರದೊಂಬೈನೂರ ಎಂಬತ್ತೊಂದರ ಯುಗಾದಿ ಕಳೆದ ಮೇಲೆ ಆಕೆಯ ಎಡಗೆನ್ನೆ ಮರಗಟ್ಟಿತು. ಕಾಫಿ ತುಟಿಯ ಅಂಚಿನಿಂದ ಸೋರಿ ಸೀರೆಯ ಮೇಲೆ ಬಿದ್ದಾಗಲೇ ಗೊತ್ತಾಗುತ್ತಿತ್ತು. ಅಗಿಯುವಾಗ ಒಳಗೆನ್ನೆ ಕಚ್ಚಿಕೊಂಡು ರಕ್ತ ಬಂದರೂ ನೋವಿರಲಿಲ್ಲ. ಆಮೇಲೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತು: ಎರಡು ಬಾವಿಗಟ್ಟೆ, ಎರಡು ಕೊಡ. ಯಾವುದು ನಿಜದ್ದು ಎಂದು ಕೈಯಿಂದ ಮುಟ್ಟಿ ನೋಡಬೇಕಾಗಿತ್ತು. ಚನ್ನಗಿರಿಯ ಡಾಕ್ಟರು ಕನ್ನಡಕ ಬರೆದುಕೊಟ್ಟರು. ಶಿವಮೊಗ್ಗದವರು ತಲೆಯ ಎಕ್ಸ್‌ರೇ ತೆಗೆಸಿ, ಏನೂ ಹೇಳದೆ ಬೆಂಗಳೂರಿಗೆ ಚೀಟಿ ಕೊಟ್ಟರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂಗಿನ ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಅಲ್ಲಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಕಾಗದದ ಮೇಲೆ ತಲೆಬುರುಡೆಯ ಚಿತ್ರ ಬರೆದು ತೋರಿಸಿದರು. ಬುರುಡೆಯ ತಳದಲ್ಲಿ, ಕತ್ತಿನ ಮೂಳೆ ಬಂದು ಸೇರುವ ಜಾಗದ ಮೇಲೆ, ಒಂದು ಗಡ್ಡೆ.

"ಬಹಳ ಅಪರೂಪದ್ದು ಇದು. ವರ್ಷಕ್ಕೆ ಒಂದೋ ಎರಡೋ ನೋಡ್ತೀವಿ. ಪೂರ್ತಿ ಕತ್ತರಿಸಿ ತೆಗೆಯೋ ಜಾಗ ಅಲ್ಲ. ಕೋಬಾಲ್ಟ್ ಯಂತ್ರದಿಂದ ಕಿರಣ ಕೊಡ್ಬೇಕು. ಒಂದೇ ಸಲ ಕೊಟ್ರೆ ಒಳಗೆ ಎಲ್ಲಾ ಸುಟ್ಟು ಹೋಗುತ್ತೆ. ಅದಕ್ಕೆ ಮೂವತ್ತೈದು ಸಲ, ವಾರಕ್ಕೆ ಐದು ದಿನ."

"ಕಣ್ಣು ಉಳೀತದೇನ್ರೀ?" ಎಂದು ಕೊಟ್ರಮ್ಮ ಕೇಳಿದಳು.

ಡಾಕ್ಟರಮ್ಮ ಪೆನ್ನನ್ನು ಗಡ್ಡೆಯ ಮುಂದೊಮ್ಮೆ, ಹಿಂದೊಮ್ಮೆ ಇಟ್ಟರು. "ಮುಂದೆ ಕಣ್ಣಿನ ನರ. ಹಿಂದೆ ಉಸಿರಾಟ, ನುಂಗೋದು ಎಲ್ಲಾ ನಡೆಸೋ ಮೆದುಳಿನ ಬುಡ. ನಡುವೆ ನಮಗಿರೋದು ಒಂದು ಬೆರಳು ಜಾಗ. ಕಿರಣ ಅಲ್ಲೇ ಹೋದ್ರೆ ಕಣ್ಣೂ ಉಳಿಯುತ್ತೆ, ನೀವೂ ಉಳೀತೀರಿ."

ಜಯದೇವಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲೇ ಹೋಗ್ತದೆ ಅಂತ ಹೆಂಗೆ ಗೊತ್ತಾಗ್ತದೆ?"

ಅದನ್ನು ತೋರಿಸಿದವನು ಜಹಾಂಗೀರ್. ಯಂತ್ರ ನಡೆಸುವ ಟೆಕ್ನೀಷಿಯನ್, ಹೊನ್ನಾಳಿಯವನು, ಹೊಳೆದಂಡೆಯ ಓಣಿಯಲ್ಲಿ ಹುಟ್ಟಿದವನು. ಕೊಟ್ರಮ್ಮನನ್ನು ಹಲಗೆಯ ಮೇಲೆ ಮಲಗಿಸಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಎಕ್ಸ್‌ರೇ ನೋಡಿಕೊಂಡು ಡಾಕ್ಟರಮ್ಮ ಹೇಳಿದಂತೆ ಎರಡೂ ಕೆನ್ನೆಗೆ, ಕಿವಿಯ ಮುಂದೆ, ನೇರಳೆ ಬಣ್ಣದಲ್ಲಿ ಚೌಕದ ಗೆರೆ ಎಳೆದ. ದಿನಾ ಯಂತ್ರದ ಬೆಳಕನ್ನು ಆ ಚೌಕಕ್ಕೆ ಕೂರಿಸಿ ಕಿರಣ ಬಿಡುವುದು.

"ಸಾಹೇಬ್ರು ಸರ್ವೇದವ್ರಾ? ಹಂಗಾದ್ರೆ ನಮ್ದೂ ನಿಮ್ದೂ ಒಂದೇ ಕಸುಬು ಬಿಡ್ರಿ. ನೀವು ಹೊಲಕ್ಕೆ ಗೆರೆ ಹಾಕ್ತೀರಿ, ನಾನು ಮುಖಕ್ಕೆ. ನನ್ ಗೆರೆ ತಪ್ಪಿದ್ರೆ ಕೋರ್ಟಿಗೆ ಹೋಗಾಕೆ ಮಾತ್ರ ಯಾರೂ ಉಳಿಯಂಗಿಲ್ಲ."

ಜಯದೇವಪ್ಪ ನಗಲಿಲ್ಲ. ಹೆಂಡತಿ ಹಲಗೆಯ ಮೇಲಿರುವಾಗಲೇ ಜೇಬಿನಿಂದ ಅಳತೆಪಟ್ಟಿ ತೆಗೆದು, ಕಿವಿಯ ಕುಳಿಯಿಂದ ಇಷ್ಟು, ಕಣ್ಣಿನ ಮೂಲೆಯಿಂದ ಇಷ್ಟು ಎಂದು ನಾಲ್ಕೂ ಮೂಲೆಯ ಅಳತೆಯನ್ನು ಡೈರಿಯಲ್ಲಿ ಬರೆದುಕೊಂಡ. ಕೊಟ್ರಮ್ಮ ಅದನ್ನು ನೋಡುತ್ತಾ ಮಲಗಿದ್ದಳು. ಅವನಿಗೆ ತನ್ನ ಮುಖ ಇಷ್ಟು ಹತ್ತಿರದಿಂದ ಬೇಕಾದದ್ದು ಮೊದಲ ಸಲ.

"ಅಮ್ಮಾ, ಇಲ್ಲಿ ಕೇಳ್ರಿ" ಎಂದ ಜಹಾಂಗೀರ್. "ಏಳು ವಾರ ಈ ಮುಖಕ್ಕೆ ನೀರು ತಾಗಂಗಿಲ್ಲ. ತಲೆಗೂ ಇಲ್ಲ. ಗೆರೆ ಹೋದ್ರೆ ಮತ್ತೆ ಎಕ್ಸ್‌ರೇ, ಮತ್ತೆ ಲೆಕ್ಕ. ನಮ್ಮಲ್ಲಿ ಸರದಿ ಹೆಂಗೈತೆ ನೀವೇ ನೋಡೀರಿ. ಒಂದು ವಾರ ತಪ್ತದೆ. ನಡುವೆ ತಪ್ಪಿದ್ರೆ ಗಡ್ಡೆ ಚೇತರಿಸಿಕೊಳ್ತದೆ."

ಮುಖಕ್ಕೆ ನೀರು ತಾಗಬಾರದು. ಕೊಟ್ರಮ್ಮನಿಗೆ ಗಡ್ಡೆಯ ಸುದ್ದಿಗಿಂತ ಈ ಮಾತು ಹೆಚ್ಚು ಸ್ಪಷ್ಟವಾಗಿ ಕೇಳಿಸಿತು.

ಇಬ್ಬರೂ ಆಸ್ಪತ್ರೆಯ ಹತ್ತಿರದ ಒಂದು ಛತ್ರದಲ್ಲಿ ಇಳಿದುಕೊಂಡಿದ್ದರು. ಪಕ್ಕದ ಕೋಣೆಯಲ್ಲಿ ಜಗಳೂರು ಕಡೆಯ ಲಕ್ಷ್ಮಕ್ಕ ಇದ್ದಳು. ಆಕೆಯ ತಮ್ಮನಿಗೆ ಗಂಟಲಿನ ಚಿಕಿತ್ಸೆ ನಡೆಯುತ್ತಿತ್ತು. ಬಾಯಿ ಜೋರಿನ ಹೆಂಗಸು. ಕೊಟ್ರಮ್ಮ ಕತ್ತಿನಿಂದ ಕೆಳಗೆ ಮಾತ್ರ ನೀರು ಹಾಕಿಕೊಳ್ಳುತ್ತಿದ್ದಳು. ಮುಖ ತೊಳೆಯದೆ ಲಿಂಗವನ್ನು ಕೈಗೆ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಪೂಜೆಯಿಲ್ಲದೆ ಉಣ್ಣಲು ಬಾಯಿ ಒಪ್ಪಲಿಲ್ಲ. ಬೆಳಿಗ್ಗೆ ತಿಂಡಿ ಬಿಟ್ಟಳು. ಮಧ್ಯಾಹ್ನ ನಾಲ್ಕು ತುತ್ತು, ಅದೂ ಕದ್ದು ತಿಂದವಳ ಹಾಗೆ.

"ಅಯ್ಯ ಕೊಟ್ರಮ್ಮಕ್ಕ, ಒರೆಸಿಕೊಂಡು ಮಾಡ್ರಿ" ಎಂದಳು ಲಕ್ಷ್ಮಕ್ಕ. "ಶಿವ ಏನು ಬಂದು ಮೂಸಿ ನೋಡ್ತಾನಾ?"

"ನನಗೆ ಆಗಂಗಿಲ್ಲ, ತಾಯಿ."

"ನಿಮ್ಮ ಯಜಮಾನ್ರಿಗೆ ಹೇಳ್ರಿ ಮತ್ತೆ. ಒಂದ್ ಮಾತು ಹೇಳಬಾರ್ದಾ ಅವ್ರು?"

ಯಜಮಾನರು ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ನಲ್ಲಿಯ ಕೆಳಗೆ ಸ್ನಾನ, ಮೂರು ಬೆರಳು ವಿಭೂತಿ, ಅರ್ಧ ಗಂಟೆ ಪೂಜೆ, ಆಮೇಲೆ ಎದುರಿನ ಹೋಟೆಲಿನಿಂದ ತಂದ ಇಡ್ಲಿ. ಹೆಂಡತಿಯ ಪಾಲಿನದನ್ನು ಆಕೆಯ ಮುಂದಿಟ್ಟು ತನ್ನದನ್ನು ತಿನ್ನುತ್ತಿದ್ದ. ಆಕೆ ತಿನ್ನದಿದ್ದರೆ ಎಲೆಯನ್ನು ಮಡಚಿ ಬಾಗಿಲಾಚೆ ಇಡುತ್ತಿದ್ದ. ಉಣ್ಣುವುದು ಬಿಡುವುದು ಆಕೆಗೆ ಬಿಟ್ಟದ್ದು ಎಂಬುದು ಅವನ ಮತ. ಹತ್ತೂವರೆಗೆ ಇಬ್ಬರೂ ಆಸ್ಪತ್ರೆಗೆ ನಡೆಯುತ್ತಿದ್ದರು. ಅವನು ನಾಲ್ಕು ಹೆಜ್ಜೆ ಮುಂದೆ. ಕೊಟ್ರಮ್ಮನಿಗೆ ಅವನ ಬೆನ್ನು ಎರಡಾಗಿ ಕಾಣುತ್ತಿತ್ತು. ಎಡಗಡೆಯದನ್ನು ಹಿಡಿದು ನಡೆದರೆ ದಾರಿ ತಪ್ಪುತ್ತಿರಲಿಲ್ಲ.

ಕಿರಣದ ಹದಿನೈದು ಸಿಟ್ಟಿಂಗ್ ಮುಗಿದವು. ಶ್ರಾವಣ ಹುಟ್ಟಿತು. ಮೊದಲ ಸೋಮವಾರ ಜಯದೇವಪ್ಪ ಹೋಟೆಲಿಗೆ ಹೋಗಿದ್ದಾಗ ಕೊಟ್ರಮ್ಮ ಎದ್ದು, ಬಚ್ಚಲಿಗೆ ಹೋಗಿ, ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಂಡಳು. ಯೋಚಿಸಿ ಮಾಡಿದ್ದಲ್ಲ. ಬಲಗೆನ್ನೆಗೆ ತಣ್ಣಗಾಯಿತು, ಎಡಗೆನ್ನೆಗೆ ಏನೂ ಆಗಲಿಲ್ಲ. ಕಾಲ ಕೆಳಗೆ ನೀರು ನೇರಳೆಯಾಗಿ ಹರಿದು ಹೋಯಿತು. ಪೂಜೆ ಮಾಡಿದಳು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

ಜಯದೇವಪ್ಪ ಬಂದು ಮುಖ ನೋಡಿದ. ಬೈಯಲಿಲ್ಲ.

"ಹೋತಾ?"

"ಹೋತ್ರಿ."

ಅವನು ಇಡ್ಲಿಯ ಪೊಟ್ಟಣವನ್ನು ಕಿಟಕಿಯಲ್ಲಿಟ್ಟ. ಆಕೆಯನ್ನು ಹೊರಗೆ ಬೆಳಕಿನಲ್ಲಿ ಕಟ್ಟೆಯ ಮೇಲೆ ಕೂರಿಸಿದ. ಕಚೇರಿಯ ಕಾಪಿಂಗ್ ಪೆನ್ಸಿಲ್ ಯಾವಾಗಲೂ ಅವನ ಜೇಬಿನಲ್ಲಿರುತ್ತಿತ್ತು. ತುದಿ ಒದ್ದೆ ಮಾಡಿದರೆ ನೇರಳೆ ಬರೆಯುವಂಥದ್ದು. ಡೈರಿ ತೆಗೆದು, ಅಳತೆಪಟ್ಟಿ ಹಿಡಿದು, ಮೂಲೆಗೆ ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದ. ಎರಡು ಸಲ ಅಳೆದು ನೋಡಿದ. ಒಂದು ಕೂದಲೆಳೆ ವ್ಯತ್ಯಾಸ ಇರಲಿಲ್ಲ.

"ಯಾರಿಗೂ ಹೇಳ್ಬೇಡ. ಅವ್ರು ಹಾಕಿದ್ದಕ್ಕಿಂತ ಚೆನ್ನಾಗೈತೆ."

ಅಂದು ಜಹಾಂಗೀರ್ ಬೆಳಕು ಕೂರಿಸುವಾಗ ಒಂದು ಕ್ಷಣ ನಿಂತ. "ಗೆರೆ ದಪ್ಪ ಆಗೈತಲ್ರೀ ಅಮ್ಮ. ಬೆವೆತ್ರೇನು?" ಕೊಟ್ರಮ್ಮ ಕಣ್ಣು ಮುಚ್ಚಿಕೊಂಡಳು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಅವನು ಬಾಗಿಲು ಹಾಕಿಕೊಂಡು ಹೋದ. ಯಂತ್ರ ಮೊರೆಯಿತು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ ಆ ಗೆರೆಯ ಮೇಲೇ ಕಿರಣ ಬಿದ್ದಿತು.

ಶುಕ್ರವಾರ ಕರೆಂಟು ಹೋಯಿತು. ಯಂತ್ರ ನಿಂತು, ಕಾಯುವವರು ಮೊಗಸಾಲೆಯ ತುಂಬ ಕೂತರು. ಹೊಟ್ಟೆಯಲ್ಲಿ ಏನೂ ಇಲ್ಲದೆ ಕೊಟ್ರಮ್ಮನಿಗೆ ತಲೆ ಸುತ್ತಿತು. ಲಕ್ಷ್ಮಕ್ಕ ತನ್ನ ಚೀಲವನ್ನು ತಲೆದಿಂಬು ಮಾಡಿ ಬೆಂಚಿನ ಮೇಲೆ ಮಲಗಿಸಿದಳು. ಜಯದೇವಪ್ಪ ತಲೆಯ ಹತ್ತಿರ ನಿಂತಿದ್ದ.

ಸ್ವಲ್ಪ ಹೊತ್ತಾದ ಮೇಲೆ ಅವನು ಬಗ್ಗಿದ್ದು ಆಕೆಗೆ ಕಾಣಿಸಿತು. ಎರಡು ಮುಖ, ಎರಡು ಕನ್ನಡಕ. ಅಳತೆಪಟ್ಟಿಯ ತಣ್ಣನೆಯ ಅಂಚು ಬಲಗೆನ್ನೆಗೆ ತಾಗಿತು. ಆಮೇಲೆ ಎಡಗೆನ್ನೆ ಇರಬೇಕು, ಆಕೆಗೆ ತಿಳಿಯಲಿಲ್ಲ. ಅವನು ಮತ್ತೆ ಅಳೆದ.

"ಏಳು. ಎದ್ದು ಕೂತ್ಕೋ."

ಕೂತಳು. ಅಳೆದ.

"ಮಲಗು."

ಮಲಗಿದಳು. ಅಳೆದ.

"ಏನ್ರೀ ಇದು ಸಾಹೇಬ್ರೆ, ಹೆಂಡ್ರನ್ನ ಕವಾಯತು ಮಾಡ್ಸಾಕೆ ಹತ್ತೀರಿ!" ಎಂದಳು ಲಕ್ಷ್ಮಕ್ಕ.

ಅವನು ಬೆಂಚಿನ ತುದಿಗೆ ಕೂತುಬಿಟ್ಟ. ಮೊದಲ ದಿನ ಅವನು ಅಳತೆ ತೆಗೆದದ್ದು ಮಲಗಿದ್ದ ಮುಖದ್ದು. ಗೆರೆ ಎಳೆದದ್ದು ಕೂತಿದ್ದ ಮುಖದ ಮೇಲೆ. ಮೂರು ವಾರದಲ್ಲಿ ಕೆನ್ನೆ ಬತ್ತಿ ಚರ್ಮ ಸಡಿಲವಾಗಿತ್ತು. ಕೂತರೆ ಕೆಳಗೆ ಜೋಲುತ್ತಿತ್ತು, ಮಲಗಿದರೆ ಕಿವಿಯ ಕಡೆಗೆ ಸರಿಯುತ್ತಿತ್ತು, ಗೆರೆಯನ್ನೂ ಎಳೆದುಕೊಂಡು. ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ಹಾಸಿ ಅಳೆಯಬಾರದು, ಮಟ್ಟಸವಾಗಿ ಎತ್ತಿ ಹಿಡಿಯಬೇಕು ಎಂದು ಹೊಸಬರಿಗೆ ಹೇಳಿಕೊಡುವವನು ಅವನೇ.

"ಎಷ್ಟು ಸರಿದೈತ್ರಿ?" ಎಂದು ಕೊಟ್ರಮ್ಮ ಕೇಳಿದಳು.

"ಅರ್ಧ ಬೆರಳು."

"ಮುಂದಕ್ಕಾ, ಹಿಂದಕ್ಕಾ?"

"ಹಿಂದಕ್ಕೆ."

ಹಿಂದೆ ಇರುವುದು ಏನೆಂದು ಇಬ್ಬರಿಗೂ ಗೊತ್ತಿತ್ತು. ಆಕೆ ಎಂಜಲು ನುಂಗಿ ನೋಡಿದಳು. ನುಂಗಲು ಬಂತು. ಅದರಿಂದ ಏನೂ ತಿಳಿಯುವುದಿಲ್ಲ ಎಂದೂ ಆಕೆಗೆ ತಿಳಿದಿತ್ತು.

ಕರೆಂಟು ಬಂತು. ಒಳಗೆ ಯಂತ್ರ ಮೊರೆಯತೊಡಗಿತು. ಜಹಾಂಗೀರ್ ಬಾಗಿಲಿಗೆ ಬಂದು ಪಟ್ಟಿಯ ಮೊದಲ ಹೆಸರು ಕೂಗಿದ, "ಕೊಟ್ರಮ್ಮಾ, ಚನ್ನಗಿರಿ!" ಆಕೆ ಏಳಲು ಹೊರಟಳು. ಸುಮ್ಮನೆ ಹೋಗಿ ಮಲಗಿದರೆ ಇನ್ನೊಂದು ದಿನ ಕಳೆಯುತ್ತದೆ ಎಂದಷ್ಟೇ ಆಗ ಹೊಳೆದದ್ದು. ಜಯದೇವಪ್ಪ ಆಕೆಯ ಭುಜವನ್ನು ಒತ್ತಿ ಹಿಡಿದ. ಹೆಗಲ ಮೇಲಿನ ಟವೆಲನ್ನು ಕೂಜದ ನೀರಿನಲ್ಲಿ ಅದ್ದಿ, ಎರಡೂ ಕೆನ್ನೆಯನ್ನು ಒರೆಸಿದ. ಟವೆಲು ನೇರಳೆಯಾಯಿತು. ಇನ್ನೊಮ್ಮೆ ಅದ್ದಿ ಮತ್ತೆ ಒರೆಸಿದ.

"ಅಯ್ಯಯ್ಯೋ! ಏನ್ ಮಾಡಿದ್ರಿ ಸಾಹೇಬ್ರೆ?" ಎಂದ ಜಹಾಂಗೀರ್ ಬಾಗಿಲಿನಿಂದ.

"ಅವು ನಿನ್ನ ಗೆರೆ ಅಲ್ಲ. ಸೋಮವಾರ ನಾನು ಹಾಕಿದ್ದು. ತಪ್ಪೈತೆ."

"ನಾನೇ ತಲೆಗೆ ನೀರು ಹಾಕ್ಕೊಂಡಿದ್ದು, ತಮ್ಮಾ" ಎಂದಳು ಕೊಟ್ರಮ್ಮ.

"ಅದು ಬೇರೆ" ಎಂದ ಜಯದೇವಪ್ಪ. "ಗೆರೆ ನಂದು."

ಜಹಾಂಗೀರ್ ಹತ್ತಿರ ಬಂದ. ಟವೆಲನ್ನೇ ನೋಡುತ್ತಾ, "ನಾನು ಕೇಳಿದ್ನಲ್ಲಮ್ಮ" ಎಂದ.

ಡಾಕ್ಟರಮ್ಮ ಕೂಗಾಡಲಿಲ್ಲ. ನಾಲ್ಕು ಸಿಟ್ಟಿಂಗ್ ಬೇರೆ ಕಡೆಗೆ ಹೋಗಿವೆ, ಅದರಿಂದ ಏನಾಯಿತೆಂದು ಈಗ ಹೇಳಲಾಗದು, ತಿಂಗಳುಗಳು ಬೇಕು ಎಂದರು. ತಮ್ಮ ರಜೆಯ ಶನಿವಾರವೇ ಬಂದು ಹೊಸ ಎಕ್ಸ್‌ರೇ ತೆಗೆಸಿ, ಜಹಾಂಗೀರನಿಂದ ಹೊಸ ಗೆರೆ ಹಾಕಿಸಿದರು. ಕೊಟ್ರಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಹಳೆಯ ಕಾಗದ ನೋಡಿದರು.

"ನಾಲ್ಕು ವಾರದಲ್ಲಿ ಆರು ಕೆಜಿ ಇಳಿದಿದ್ದೀರಿ. ಹೀಗೇ ಇಳಿದ್ರೆ ಸರಿಯಾದ ಗೆರೆಯೂ ಸರಿದು ಹೋಗುತ್ತೆ. ಆಗ ನಾನು ನಿಲ್ಲಿಸಬೇಕಾಗುತ್ತೆ. ಬೆಳಿಗ್ಗೆ ತಿನ್ನಿ. ದಿನಾ. ನಿಮ್ಮ ಪೂಜೆ ನಿಮಗೆ ಬಿಟ್ಟದ್ದು; ತಿನ್ನೋದು ನನಗೆ ಬೇಕು."

ಆಮೇಲಿನ ವರ್ಷ ಕೊಟ್ರಮ್ಮನ ಎಡಗಿವಿ ಕೇಳದಾಯಿತು. ಆ ನಾಲ್ಕು ದಿನದಿಂದಲೋ, ಗಡ್ಡೆಯಿಂದಲೋ, ಯಾರೂ ಹೇಳಲಿಲ್ಲ. ಕಣ್ಣು ಉಳಿಯಿತು.

ಆದರೆ ಆ ಶನಿವಾರ ಛತ್ರಕ್ಕೆ ನಡೆದು ಬರುವಾಗ ಆಕೆಯ ತಲೆಯಲ್ಲಿದ್ದದ್ದು ಬೇರೆ. ಅವನು ಗೆರೆ ಒರೆಸಿದ್ದನ್ನು ಲಕ್ಷ್ಮಕ್ಕ ದೊಡ್ಡದಾಗಿ ಹೊಗಳಿದ್ದಳು. ಕೊಟ್ರಮ್ಮನಿಗೆ ಹಾಗನ್ನಿಸಲಿಲ್ಲ. ತಪ್ಪು ಗೆರೆ ಕಣ್ಣಿಗೆ ಬಿದ್ದರೆ ಅದು ಯಾರ ಮುಖದ ಮೇಲಿದ್ದರೂ ಅವನು ಒರೆಸುತ್ತಿದ್ದ, ಓಬವ್ವನದಾದರೂ. ಅದು ಅಳತೆಯ ಮೇಲಿನ ನಿಷ್ಠೆ. ತನಗೂ ಅದಕ್ಕೂ ಸಂಬಂಧ ಇರಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಬೆಳಗಾಯಿತು. ಕೊಟ್ರಮ್ಮ ಕತ್ತಿನ ಕೆಳಗೆ ನೀರು ಹಾಕಿಕೊಂಡು ಬಂದು ಚಾಪೆಯ ಮೇಲೆ ಕೂತಳು. ಹೊಸ ಗೆರೆಯ ಮುಖವನ್ನು ಮುಟ್ಟಿಕೊಳ್ಳಲಿಲ್ಲ. ಡಾಕ್ಟರಮ್ಮ ಹೇಳಿದ್ದೆಲ್ಲ ನೆನಪಿತ್ತು, ತಿನ್ನಲೇಬೇಕೆಂದೂ ಗೊತ್ತಿತ್ತು. ಆದರೆ ಇಂದು ಸೋಮವಾರ, ತಾನು ಮೈಲಿಗೆಯ ಮುಖದವಳು, ಎದುರಿಗೆ ವಿಭೂತಿ ಧರಿಸಿ ಮಡಿಯಲ್ಲಿ ಕೂತು ತಿನ್ನುವವನು. ಕೈ ಏಳುವುದಿಲ್ಲ ಎಂದು ಆಕೆಗೆ ಮೊದಲೇ ಅನ್ನಿಸಿತ್ತು.

ಜಯದೇವಪ್ಪ ಹೋಟೆಲಿನಿಂದ ಬಂದ. ಎರಡು ಎಲೆ ಬಿಚ್ಚಿ, ಒಂದನ್ನು ಆಕೆಯ ಮುಂದಿಟ್ಟು, ಇನ್ನೊಂದನ್ನು ತನ್ನ ಮುಂದಿಟ್ಟುಕೊಂಡು ಕೂತ. ಆಕೆ ತಲೆಯೆತ್ತಿ ನೋಡಿದಳು. ಹಣೆ ಬರಿದಾಗಿತ್ತು. ಕೂದಲು ಒಣಗಿತ್ತು, ನಿದ್ದೆಯಿಂದ ಎದ್ದಾಗಿನಂತೆ ಒಂದು ಕಡೆಗೆ ಮಡಚಿಕೊಂಡಿತ್ತು. ಕಣ್ಣಿನ ಮೂಲೆಯಲ್ಲಿ ಪಿಸುರು. ಮೈಮೇಲೆ ಹಳೆಯ ಬನಿಯನ್.

ಬಾಗಿಲಲ್ಲಿ ಹೋಗುತ್ತಿದ್ದ ಲಕ್ಷ್ಮಕ್ಕ ನಿಂತಳು. "ಏನ್ರೀ ಸಾಹೇಬ್ರೆ, ಸೋಮವಾರ ಹಿಂಗೇ ಕುಂತೀರಿ? ನಲ್ಲ್ಯಾಗೆ ನೀರು ಬಂದಿಲ್ಲೇನು?"

"ಬಂದೈತೆ" ಎಂದ.

ಇಡ್ಲಿ ಮುರಿದು, ಚಟ್ನಿಗೆ ಅದ್ದಿ, ಬಾಯಿಗೆ ಹಾಕಿಕೊಂಡ. ಹೆಂಡತಿಯ ಕಡೆಗೆ ನೋಡಲಿಲ್ಲ. ಕೊಟ್ರಮ್ಮನಿಗೆ ಅವನು ಇಬ್ಬರಾಗಿ ಕಂಡ. ಇಬ್ಬರೂ ಮುಖ ತೊಳೆಯದವರು, ಇಬ್ಬರೂ ಅಗಿಯುತ್ತಿದ್ದರು. ಲಕ್ಷ್ಮಕ್ಕ ಮತ್ತೇನೂ ಅನ್ನದೆ ಮುಂದೆ ಹೋದಳು.

ಕೊಟ್ರಮ್ಮ ಒಂದು ಚೂರು ಮುರಿದು, ರುಚಿ ತಿಳಿಯುವ ಬಲಗಡೆಯ ದವಡೆಗೆ ಹಾಕಿಕೊಂಡಳು.